ಫೋನಿನ ಇಂಟರ್ನೆಟ್ ಕಂಪ್ಯೂಟರಿಗೆ ಬರುತ್ತಿಲ್ಲವೇ? ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವ ಬಗೆ

ಫೋನಿನಲ್ಲಿ ವಿಡಿಯೋ ಸಲೀಸಾಗಿ ಓಡುತ್ತಿರುತ್ತದೆ. ಅದೇ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ ಲ್ಯಾಪ್‌ಟಾಪಿನಲ್ಲಿ ಮಾತ್ರ ಒಂದು ಪುಟವೂ ತೆರೆಯದು. ಸಿಇಟಿ ಆಪ್ಷನ್ ಎಂಟ್ರಿಯ ಕೊನೆಯ ದಿನವೋ, ಆಫೀಸಿನ ಮೀಟಿಂಗಿಗೆ ಐದು ನಿಮಿಷ ಇರುವಾಗಲೋ ಹೀಗಾಗುವುದು ಹೆಚ್ಚು. ಮನೆಯ ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗ ತಾನೇ ನಮಗೆ ಫೋನಿನ ನೆನಪಾಗುವುದು! ಆ ಗಡಿಬಿಡಿಯಲ್ಲಿ ಎರಡನ್ನೂ ಆಫ್ ಮಾಡಿ ಆನ್ ಮಾಡುತ್ತೇವೆ, ಪಾಸ್‌ವರ್ಡ್ ಬದಲಿಸುತ್ತೇವೆ, ಡ್ರೈವರ್ ಕಿತ್ತು ಹಾಕುತ್ತೇವೆ, ಕೊನೆಗೆ ನೆಟ್‌ವರ್ಕ್ ರೀಸೆಟ್ ಒತ್ತಿಬಿಡುತ್ತೇವೆ. ಸರಿಹೋದರೆ ಯಾವುದರಿಂದ ಸರಿಹೋಯಿತೋ ತಿಳಿಯದು. ಸರಿಹೋಗದಿದ್ದರೆ ಮೊದಲಿದ್ದ ಒಂದು ತೊಂದರೆಯ ಜೊತೆಗೆ ನಾವೇ ತಂದುಕೊಂಡ ಇನ್ನೆರಡು ಸೇರಿರುತ್ತವೆ.

ಇಂಟರ್ನೆಟ್ಟು ಕಂಪ್ಯೂಟರಿಗೆ ತಲುಪಲು ಮೂರು ಕೊಂಡಿಗಳನ್ನು ದಾಟಬೇಕು. ಟವರಿನಿಂದ ಫೋನಿಗೆ ಒಂದು. ಫೋನಿನಿಂದ ಕಂಪ್ಯೂಟರಿಗೆ ಇನ್ನೊಂದು. ಇದು ವೈಫೈ ಇರಬಹುದು, ಯುಎಸ್‌ಬಿ ಕೇಬಲ್ ಇರಬಹುದು, ಬ್ಲೂಟೂತ್ ಇರಬಹುದು. ಮೂರನೆಯದು ಕಂಪ್ಯೂಟರಿನ ಒಳಗೇ ಇರುವುದು: ಬಂದ ಸಂಪರ್ಕವನ್ನು ಬ್ರೌಸರ್ ತನಕ ಮುಟ್ಟಿಸುವ ವಿಳಾಸ, ಡಿಎನ್‌ಎಸ್, ಪ್ರಾಕ್ಸಿ, ದಿನಾಂಕ ಮುಂತಾದವು. ಯಾವ ಕೊಂಡಿ ಕಳಚಿದೆ ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಪತ್ತೆಗೆ ಬೇಕಾಗುವುದು ಐದಾರು ನಿಮಿಷ, ಅಷ್ಟೇ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಆಂಡ್ರಾಯ್ಡ್ ಫೋನ್ ಮತ್ತು ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡವರಿಗೆ. ಐಫೋನ್, ಮ್ಯಾಕ್, ಲಿನಕ್ಸ್ ವಿಷಯ ಕೊನೆಯಲ್ಲಿದೆ. ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲ ಕೊಂಡಿ: ಫೋನಿಗೇ ಇಂಟರ್ನೆಟ್ ಬರುತ್ತಿದೆಯೇ?

"ಫೋನಿನಲ್ಲಿ ಬರ್ತಿದೆಯಲ್ಲ" ಎನ್ನುವ ಮಾತನ್ನು ನಂಬಬೇಡಿ. ಆ ಫೋನು ಆಗ ಮನೆಯ ವೈಫೈಗೆ ಅಂಟಿಕೊಂಡಿರುವ ಸಾಧ್ಯತೆ ಇದೆ. ಹಾಟ್‌ಸ್ಪಾಟ್ ಆನ್ ಮಾಡಿದ ಕೂಡಲೇ ಬಹಳಷ್ಟು ಫೋನುಗಳು ವೈಫೈಯನ್ನು ಬಿಟ್ಟು ಮೊಬೈಲ್ ಡೇಟಾಕ್ಕೆ ಬರುತ್ತವೆ. ಮೊಬೈಲ್ ಡೇಟಾ ಆಫ್ ಆಗಿದ್ದರೆ, ಅಥವಾ ರೀಚಾರ್ಜ್ ಮುಗಿದಿದ್ದರೆ, ಆ ಗಳಿಗೆಗೆ ಎರಡೂ ಕಡೆ ಎಲ್ಲವೂ ಸ್ತಬ್ಧ. ಹಾಗಾಗಿ ಮೊದಲು ಫೋನಿನ ವೈಫೈಯನ್ನು ಪೂರ್ತಿ ಆಫ್ ಮಾಡಿ, ಹಾಟ್‌ಸ್ಪಾಟನ್ನೂ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ಈ ಹಿಂದೆ ತೆರೆಯದ ಯಾವುದಾದರೂ ಹೊಸ ಪುಟವನ್ನು ಬ್ರೌಸರಿನಲ್ಲಿ ತೆರೆದು ನೋಡಿ. ವಾಟ್ಸಾಪ್ ನೋಡಿ ತೀರ್ಮಾನಿಸಬೇಡಿ. ಸಂಪರ್ಕ ತೀರಾ ನಿಧಾನವಿದ್ದರೂ ಅದರಲ್ಲಿ ಬರಹದ ಸಂದೇಶಗಳು ಹೇಗೋ ದಾಟಿಕೊಂಡುಬಿಡುತ್ತವೆ.

ಆ ಪುಟ ನಿಮಿಷಗಟ್ಟಲೆ ಸುತ್ತುತ್ತಿದ್ದರೆ ಮೊದಲು ದಿನದ ಡೇಟಾ ಮಿತಿಯನ್ನು ನೋಡಿ. ದಿನಕ್ಕೆ 1.5 ಜಿಬಿ, 2 ಜಿಬಿ ಎಂಬ ಪ್ಲಾನುಗಳಲ್ಲಿ ಮಿತಿ ಮುಗಿದ ಮೇಲೆ ಸಂಪರ್ಕ ಕಡಿದುಹೋಗುವುದಿಲ್ಲ, ವೇಗ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಯುತ್ತದೆ. ಹಳೆಯ ಡಯಲ್‌ಅಪ್ ಮೋಡೆಮ್ ಕಾಲದ ವೇಗ ಅದು. ಇಂದಿನ ಒಂದು ಸಾಧಾರಣ ಪುಟವೇ ಎರಡು ಮೂರು ಮೆಗಾಬೈಟ್ ತೂಗುವುದರಿಂದ ಅದು ತೆರೆಯುವ ಮೊದಲೇ ಬ್ರೌಸರ್ ಕೈಚೆಲ್ಲುತ್ತದೆ. ಸಿಗ್ನಲ್ ಕಡ್ಡಿಗಳು ಮಾತ್ರ ತುಂಬಿಕೊಂಡೇ ಇರುತ್ತವೆ, ಮೋಸ ಹೋಗುವುದು ಅಲ್ಲೇ.

ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾ ಯಾವ ಸಿಮ್ಮಿಗೆ ಹೊಂದಿಸಿದೆ ಎಂದೂ ನೋಡಿಕೊಳ್ಳಿ. ಹಾಗೆಯೇ ಡೇಟಾ ಸೇವರ್. ಆಂಡ್ರಾಯ್ಡಿನ ಈ ಸೌಲಭ್ಯ ಆನ್ ಇದ್ದಾಗ ಹಲವು ಫೋನುಗಳಲ್ಲಿ ಹಾಟ್‌ಸ್ಪಾಟ್ ಮತ್ತು ಟೆಥರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್, ಬ್ಲೂಟೂತ್ ಮೂಲಕ ಹಂಚುವುದು) ಆನ್ ಆಗಲು ಬಿಡುವುದೇ ಇಲ್ಲ. ಗುಂಡಿ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿರುತ್ತದೆ. ಯಾವಾಗಲೋ ಡೇಟಾ ಉಳಿಸಲು ಒತ್ತಿದ್ದು ಮರೆತೇ ಹೋಗಿರುತ್ತದೆ. ಬ್ಯಾಟರಿ ಸೇವರಿನದೂ ಇದೇ ಬುದ್ಧಿ, ಅದು ಹಾಟ್‌ಸ್ಪಾಟನ್ನು ತಾನಾಗಿಯೇ ಮುಚ್ಚಬಲ್ಲದು.

ಸಿಗ್ನಲ್ಲಿನ ವಿಷಯಕ್ಕೆ ಬಂದರೆ, ಕಡ್ಡಿಗಳನ್ನು ಎಣಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಕುರಿತು ಎಂಬ ಭಾಗದೊಳಗೆ ಸಿಮ್ ಸ್ಥಿತಿ ಎಂಬಲ್ಲಿ ಮೈನಸ್ ಚಿಹ್ನೆಯ ಒಂದು ಅಂಕಿ, ಪಕ್ಕದಲ್ಲಿ ಡಿಬಿಎಂ (ಸಿಗ್ನಲ್ ಬಲದ ಅಳತೆ) ಎಂದು ಇರುತ್ತದೆ. 4ಜಿಯಲ್ಲಿ ಅದು -85ರ ಆಸುಪಾಸಿನಲ್ಲಿದ್ದರೆ ಚೆನ್ನ. -110 ದಾಟಿ ಕೆಳಗಿಳಿದರೆ ಕಷ್ಟ. ಪ್ರತಿ 3 ಅಂಕ ಇಳಿದಾಗಲೂ ಸಿಗ್ನಲ್ಲಿನ ಬಲ ಅರ್ಧವಾಗುತ್ತದೆ, ಆದ್ದರಿಂದ ಮೇಜಿನ ಮೇಲಿಂದ ಕಿಟಕಿಗೆ ಸರಿಸಿ 6 ಅಂಕ ಏರಿಸಿಕೊಂಡರೂ ದೊಡ್ಡ ಲಾಭ. 2020ರ ಲಾಕ್‌ಡೌನಿನಲ್ಲಿ ಮಲೆನಾಡು, ಕರಾವಳಿಯ ಹಳ್ಳಿಗಳ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕೂತದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ಊರುಗಳಲ್ಲಿ ಮನೆಯೊಳಗೆ ಸಿಗ್ನಲ್ ಸಿಗುವ ಒಂದೇ ಒಂದು ಮೂಲೆ ಅಟ್ಟದಲ್ಲೋ ಹಿತ್ತಲ ಬಾಗಿಲಲ್ಲೋ ಇರುತ್ತದೆ. ಫೋನನ್ನು ಅಲ್ಲಿಟ್ಟು ವೈಫೈ ಹಾಟ್‌ಸ್ಪಾಟಿನಲ್ಲಿ ಕೆಳಗೆ ಕೂತು ಕೆಲಸ ಮಾಡುವುದು ಜಾಣತನ. ಯುಎಸ್‌ಬಿ 2.0 ಕೇಬಲ್ಲಿನ ಉದ್ದಕ್ಕೆ 5 ಮೀಟರಿನ ಮಿತಿ ಇರುವುದರಿಂದ ಅಟ್ಟದಿಂದ ತಂತಿ ಎಳೆಯುವ ಯೋಚನೆ ಬೇಡ.

ಸಿಗ್ನಲ್ ಇದೆ, ರೀಚಾರ್ಜ್ ಇದೆ, ಆದರೂ ಫೋನಿನಲ್ಲೇ ಇಂಟರ್ನೆಟ್ ಇಲ್ಲವೆಂದರೆ ಎಪಿಎನ್ ನೋಡಬೇಕು. ಮೊಬೈಲ್ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು ಅದು, ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗಿನೊಳಗೆ ಇರುತ್ತದೆ. ಸಿಮ್ ಬದಲಿಸಿದಾಗ, ಪೋರ್ಟ್ ಮಾಡಿಸಿದಾಗ ಇದು ಕೆಡುತ್ತದೆ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಕೈಯಲ್ಲಿ ಬರೆಯುವ ಮೊದಲು ಅದೇ ಪರದೆಯ ಮೂಲೆಯ ಮೂರು ಚುಕ್ಕಿ ಒತ್ತಿ ಡೀಫಾಲ್ಟಿಗೆ ಮರಳಿಸಿ, ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ. ಫೋನಿನಲ್ಲಿ ಚೆನ್ನಾಗಿ ಬರುತ್ತಿದ್ದು ಟೆಥರಿಂಗಿನಲ್ಲಿ ಮಾತ್ರ ಬರದಿದ್ದರೆ ಎಪಿಎನ್ ಟೈಪ್ ಎಂಬ ಸಾಲಿನಲ್ಲಿ ಡೀಫಾಲ್ಟ್ ಎಂಬುದರ ಮುಂದೆ ಅಲ್ಪವಿರಾಮ ಹಾಕಿ ಡಿಯುಎನ್ ಎಂದು ಸೇರಿಸಿ ನೋಡಬಹುದು. ಟೆಥರಿಂಗಿಗೆಂದೇ ಇರುವ ಗುರುತು ಅದು. ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ಅಲ್ಲಿನ ಹಲವು ಪ್ಲಾನುಗಳಲ್ಲಿ ಫೋನಿನ ಡೇಟಾ ಅನ್‌ಲಿಮಿಟೆಡ್ ಇದ್ದರೂ ಹಾಟ್‌ಸ್ಪಾಟಿಗೆ ಬೇರೆಯೇ ಮಿತಿ ಇರುತ್ತದೆ, ಅದನ್ನು ಖಾತೆಯ ಪುಟದಲ್ಲಿ ನೋಡಿಕೊಳ್ಳಬೇಕು.

ಎರಡನೆಯ ಕೊಂಡಿ, ಕೇಬಲ್ಲಿನಲ್ಲಿ

ನನ್ನನ್ನು ಕೇಳಿದರೆ, ಒಂದೇ ಕಂಪ್ಯೂಟರಿಗೆ ಇಂಟರ್ನೆಟ್ ಬೇಕಿದ್ದರೆ ಯುಎಸ್‌ಬಿ ಟೆಥರಿಂಗೇ ಲೇಸು. ಫೋನು ಚಾರ್ಜೂ ಆಗುತ್ತದೆ, ಪಕ್ಕದ ಮನೆಗಳ ವೈಫೈ ಗಲಾಟೆಯೂ ತಟ್ಟುವುದಿಲ್ಲ, ಪಾಸ್‌ವರ್ಡಿನ ಗೋಜೂ ಇಲ್ಲ. ವೈಫೈ ಕಾರ್ಡೇ ಇಲ್ಲದ ಹಳೆಯ ಡೆಸ್ಕ್‌ಟಾಪಿಗಂತೂ ಇದು ವರ. ಆಂಡ್ರಾಯ್ಡ್ ಫೋನು ವೈಫೈಗೆ ಸೇರಿಕೊಂಡಿದ್ದರೆ ಆ ವೈಫೈಯನ್ನೇ ಕೇಬಲ್ಲಿನ ಮೂಲಕ ಡೆಸ್ಕ್‌ಟಾಪಿಗೆ ದಾಟಿಸುತ್ತದೆ. ಅಂದರೆ ಮೂಲೆಯಲ್ಲಿ ಬಿದ್ದಿರುವ, ಸಿಮ್ಮೇ ಇಲ್ಲದ ಹಳೆಯ ಫೋನೊಂದು ವೈಫೈ ಅಡಾಪ್ಟರಾಗಿ ದುಡಿಯಬಲ್ಲದು.

ಕೇಬಲ್ ಚುಚ್ಚಿದ ಮೇಲೂ ಯುಎಸ್‌ಬಿ ಟೆಥರಿಂಗ್ ಗುಂಡಿ ಬೂದಾಗಿಯೇ ಇದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆಯೇ. ಸಾಧಾರಣ ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಎರಡು ಡೇಟಾಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಅಗ್ಗದ ಕೇಬಲ್ಲುಗಳಲ್ಲಿ, ಪವರ್ ಬ್ಯಾಂಕಿನ ಜೊತೆ ಬಂದ ಗಿಡ್ಡ ಕೇಬಲ್ಲುಗಳಲ್ಲಿ ಡೇಟಾದ ಎರಡು ತಂತಿಗಳು ಇಲ್ಲದೇ ಇರಬಹುದು. ಚಾರ್ಜಿನ ಚಿಹ್ನೆ ಬರುತ್ತದೆ, ಆದರೆ ಕಂಪ್ಯೂಟರಿಗೆ ಅಲ್ಲೊಂದು ಫೋನಿದೆ ಎಂಬುದೇ ತಿಳಿಯುವುದಿಲ್ಲ. ಪತ್ತೆ ಮಾಡುವುದು ಸುಲಭ. ಫೋನಿನ ನೋಟಿಫಿಕೇಶನ್ನಿನಲ್ಲಿ ಯುಎಸ್‌ಬಿ ಕುರಿತ ಸಾಲನ್ನು ಒತ್ತಿ ಫೈಲ್ ವರ್ಗಾವಣೆ ಆರಿಸಿ. ಫೋನಿನ ಫೋಟೋಗಳು ಕಂಪ್ಯೂಟರಿನಲ್ಲಿ ಕಂಡರೆ ಕೇಬಲ್ ಸರಿ ಇದೆ. ಆ ಸಾಲೇ ಬರದಿದ್ದರೆ ಕೇಬಲ್ ಬದಲಿಸಿ. ಅದೂ ಆಗಲಿಲ್ಲವೆಂದರೆ ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ಜೇಬಿನ ಹಿಂಜಿ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ಬೇಡ. ಡೆಸ್ಕ್‌ಟಾಪಾದರೆ ಮುಂಭಾಗದ ಕಿಂಡಿ ಬಿಟ್ಟು ಹಿಂಭಾಗದ ಕಿಂಡಿಗೆ ಹಾಕಿ ನೋಡಿ. ಮುಂದಿನವು ಕ್ಯಾಬಿನೆಟ್ಟಿನೊಳಗೆ ಇನ್ನೊಂದು ತಂತಿಯಲ್ಲಿ ಬರುವುದರಿಂದ ಸಡಿಲಾಗಿರಬಹುದು.

ಗುಂಡಿ ಆನ್ ಆಯಿತು, ಆದರೂ ಇಂಟರ್ನೆಟ್ ಇಲ್ಲ. ಈಗ ವಿಂಡೋಸ್ ಫೋನನ್ನು ಏನೆಂದು ಗುರುತಿಸಿದೆ ನೋಡೋಣ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬುದರ ಕೆಳಗೆ ರಿಮೋಟ್ ಎನ್‌ಡಿಐಎಸ್ ಬೇಸ್ಡ್ ಇಂಟರ್ನೆಟ್ ಶೇರಿಂಗ್ ಡಿವೈಸ್ ಎಂಬ ಉದ್ದನೆಯ ಹೆಸರು ಕಾಣಬೇಕು. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಕಂಪ್ಯೂಟರಿಗೆ ಕಾಣಿಸಿಕೊಳ್ಳುವುದು ಹೀಗೆ, ಒಂದು ಲ್ಯಾನ್ ಕಾರ್ಡಿನ ವೇಷದಲ್ಲಿ. ವಿಂಡೋಸ್ 10 ಮತ್ತು 11ರಲ್ಲಿ ಇದರ ಡ್ರೈವರ್ ಮೊದಲೇ ಇರುತ್ತದೆ. ಅದರ ಬದಲು ಅದರ್ ಡಿವೈಸಸ್ ಅಡಿಯಲ್ಲಿ ಹಳದಿ ಚಿಹ್ನೆ ಹೊತ್ತು ಆರ್‌ಎನ್‌ಡಿಐಎಸ್ (ರಿಮೋಟ್ ಎನ್‌ಡಿಐಎಸ್ ಎಂಬುದರ ಗಿಡ್ಡ ರೂಪ) ಎಂದು ಕೂತಿದ್ದರೆ ಡ್ರೈವರ್ ಸಿಕ್ಕಿಲ್ಲ. ಹಳ್ಳಿ ಕಡೆಯ ಎಷ್ಟೋ ಯಂತ್ರಗಳಲ್ಲಿ ಇನ್ನೂ ಇರುವ ವಿಂಡೋಸ್ 7ರಲ್ಲಿ ಇದನ್ನು ನೋಡಬಹುದು. ಆಗ ಅದರ ಮೇಲೆ ಬಲ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್, ಆಮೇಲೆ ಕಂಪ್ಯೂಟರಿನಲ್ಲೇ ಹುಡುಕು, ಆಮೇಲೆ ಪಟ್ಟಿಯಿಂದ ನಾನೇ ಆರಿಸುತ್ತೇನೆ, ಅಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್, ತಯಾರಕರಲ್ಲಿ ಮೈಕ್ರೋಸಾಫ್ಟ್, ಕೊನೆಗೆ ರಿಮೋಟ್ ಎನ್‌ಡಿಐಎಸ್ ಎಂದು ಶುರುವಾಗುವ ಹೆಸರು. ಎಚ್ಚರಿಕೆಯ ಪೆಟ್ಟಿಗೆ ಬಂದರೆ ಯೆಸ್ ಒತ್ತಿ. ಡ್ರೈವರ್ ಕೊಡುತ್ತೇವೆಂದು ಕರೆಯುವ ಜಾಲತಾಣಗಳ ಕಡೆ ತಲೆ ಹಾಕಬೇಡಿ, ಬೇಕಾದದ್ದು ವಿಂಡೋಸಿನೊಳಗೇ ಇದೆ.

ಯುಎಸ್‌ಬಿ ಟೆಥರಿಂಗಿನ ಇನ್ನೊಂದು ಕಿರಿಕಿರಿ: ಕೇಬಲ್ ಕಿತ್ತರೆ ಗುಂಡಿ ತಾನಾಗಿ ಆಫ್ ಆಗುತ್ತದೆ, ಮತ್ತೆ ಚುಚ್ಚಿದರೆ ತಾನಾಗಿ ಆನ್ ಆಗುವುದಿಲ್ಲ. ಕರೆ ಮಾಡಲು ಫೋನ್ ಕಿತ್ತುಕೊಂಡು ಹೋದವರು ವಾಪಸ್ ಬಂದು "ಈಗಷ್ಟೇ ಸರಿ ಇತ್ತು" ಎನ್ನುತ್ತಾರೆ. ದಿನವೂ ಬಳಸುವವರು ಡೆವಲಪರ್ ಆಯ್ಕೆಗಳಲ್ಲಿ ಡೀಫಾಲ್ಟ್ ಯುಎಸ್‌ಬಿ ಸಂರಚನೆಯನ್ನು ಯುಎಸ್‌ಬಿ ಟೆಥರಿಂಗ್ ಎಂದು ಮಾಡಿಟ್ಟುಕೊಳ್ಳಬಹುದು.

ಎರಡನೆಯ ಕೊಂಡಿ, ಗಾಳಿಯಲ್ಲಿ

ಹಾಟ್‌ಸ್ಪಾಟಿನ ಹೆಸರೇ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿಲ್ಲ, ಪಕ್ಕದ ಇನ್ನೊಂದು ಫೋನಿಗೆ ಮಾತ್ರ ಕಾಣುತ್ತಿದೆ. ಹೀಗಿದ್ದರೆ ತೊಂದರೆ ಬಹುಪಾಲು ಬ್ಯಾಂಡಿನದು, ಅಂದರೆ ವೈಫೈ ಓಡುವ ರೇಡಿಯೋ ಪಟ್ಟಿಯದು. ಎಷ್ಟೋ ಹೊಸ ಫೋನುಗಳು ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸಿನಲ್ಲಿ ಬಿಡುತ್ತವೆ, ಹಳೆಯ ಮತ್ತು ಅಗ್ಗದ ಲ್ಯಾಪ್‌ಟಾಪುಗಳ ಕಾರ್ಡಿಗೆ 2.4 ಮಾತ್ರ ಗೊತ್ತು. ನಿಮ್ಮದು ಯಾವುದೆಂದು ತಿಳಿಯಲು ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಸಿಎಂಡಿ ಎಂದು ಬರೆದು, ತೆರೆದ ಕಪ್ಪು ಕಿಟಕಿಯಲ್ಲಿ ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್ ಎಂಬ ಆದೇಶ ಕೊಡಿ. ರೇಡಿಯೋ ಟೈಪ್ಸ್ ಎಂಬ ಸಾಲಿನಲ್ಲಿ 802.11ರ ಮುಂದೆ ಎ ಅಥವಾ ಎಸಿ ಇದ್ದರೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ. ಬರೀ ಬಿ, ಜಿ, ಎನ್ ಇದ್ದರೆ ಹಿಡಿಯುವ ಸಾಧ್ಯತೆ ಕಡಿಮೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡನ್ನು 2.4ಕ್ಕೆ ಇಳಿಸಿ, ಕೆಲವು ಫೋನುಗಳಲ್ಲಿ ಹೊಂದಾಣಿಕೆ ಹೆಚ್ಚಿಸು ಎಂಬ ಗುಂಡಿಯೇ ಈ ಕೆಲಸ ಮಾಡುತ್ತದೆ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟರೂ ಸೇರಿಸಿಕೊಳ್ಳುವುದಿಲ್ಲ ಎಂದಾದರೆ ಭದ್ರತೆಯ ಬಗೆ ನೋಡಿ. ಡಬ್ಲ್ಯೂಪಿಎ3 ಎಂದಿದ್ದರೆ ಹಳೆಯ ಕಂಪ್ಯೂಟರ್ ತಡಬಡಾಯಿಸುತ್ತದೆ, ಡಬ್ಲ್ಯೂಪಿಎ2 ಮಾಡಿ. ಹಿಂದೆ ಸೇರಿಸಿದ್ದ ಹಾಟ್‌ಸ್ಪಾಟಿನ ಪಾಸ್‌ವರ್ಡನ್ನು ಆಮೇಲೆ ಬದಲಿಸಿದ್ದರೆ ಲ್ಯಾಪ್‌ಟಾಪಿನಲ್ಲಿ ಆ ಹೆಸರನ್ನು ಒಮ್ಮೆ ಫರ್ಗೆಟ್ ಮಾಡಿ ಹೊಸದಾಗಿ ಸೇರಿಸಿ. ಪಾಸ್‌ವರ್ಡ್ ಇಲ್ಲದ ಹಾಟ್‌ಸ್ಪಾಟ್ ಮಾತ್ರ ಪರೀಕ್ಷೆಗೂ ಬೇಡ. ಅಪಾರ್ಟ್‌ಮೆಂಟಿನಲ್ಲಿದ್ದರೆ ನಿಮ್ಮ 2 ಜಿಬಿ ಹತ್ತು ನಿಮಿಷದಲ್ಲಿ ಯಾರದೋ ಪಾಲಾಗುತ್ತದೆ.

ಸೇರುತ್ತದೆ, ಸ್ವಲ್ಪ ಹೊತ್ತಿನ ನಂತರ ಹಾಟ್‌ಸ್ಪಾಟೇ ಮಾಯ. ಇದು ದೋಷವಲ್ಲ. ಯಾವ ಸಾಧನವೂ ಸೇರಿಲ್ಲದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವ ಸೌಲಭ್ಯ ಆಂಡ್ರಾಯ್ಡಿನಲ್ಲಿದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋದಾಗ ಸಂಪರ್ಕ ಕಡಿಯುತ್ತದೆ, ಫೋನು ತನ್ನ ಅಂಗಡಿ ಮುಚ್ಚುತ್ತದೆ. ಆ ಸ್ವಿಚ್ಚನ್ನು ಹಾಟ್‌ಸ್ಪಾಟ್ ಪರದೆಯಲ್ಲೇ ಆಫ್ ಮಾಡಬಹುದು.

2.4 ಗಿಗಾಹರ್ಟ್ಸಿನಲ್ಲಿ ಸೇರಿಯೂ ತೀರಾ ಕುಂಟುತ್ತಿದ್ದರೆ ಲ್ಯಾಪ್‌ಟಾಪಿಗೆ ಚುಚ್ಚಿದ ಹೊರಗಿನ ಹಾರ್ಡ್‌ಡಿಸ್ಕ್ ತೆಗೆದು ನೋಡಿ. ಯುಎಸ್‌ಬಿ 3.0 ಸಾಧನಗಳಿಂದ ಸೋರುವ ರೇಡಿಯೋ ಸದ್ದು ಇದೇ 2.4ರ ಪಟ್ಟಿಯ ಮೇಲೆ ಬೀಳುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವರದಿ ಬರೆದಿದೆ. ನಂಬಲು ಕಷ್ಟ, ಆದರೆ ಕೇಬಲ್ ಕಿತ್ತ ಕ್ಷಣ ವೇಗ ಏರುವುದನ್ನು ನೋಡಬಹುದು.

ಬ್ಲೂಟೂತ್ ಟೆಥರಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಬಂದರೆ ಪುಣ್ಯ. ಇಮೇಲ್ ನೋಡಲು, ಬ್ಯಾಟರಿ ಉಳಿಸಲು ಸರಿ.

ವಿಳಾಸ ಓದಿದರೆ ಅರ್ಧ ಕೆಲಸ ಮುಗಿಯಿತು

ಕಂಪ್ಯೂಟರ್ ಸೇರಿದಂತೆ ಕಾಣುತ್ತಿದೆ, ಇಂಟರ್ನೆಟ್ ಮಾತ್ರ ಇಲ್ಲ. ಕಪ್ಪು ಕಿಟಕಿಯಲ್ಲಿ ಐಪಿಕಾನ್‌ಫಿಗ್ ಎಂದು ಬರೆದು ಎಂಟರ್ ಒತ್ತಿ. ವೈಫೈ ಆದರೆ ವೈರ್‌ಲೆಸ್ ಎಂಬ ಗುಂಪು, ಕೇಬಲ್ ಆದರೆ ಎತರ್ನೆಟ್ ಎಂಬ ಗುಂಪು ನೋಡಿ. ಅಲ್ಲಿ ಐಪಿವಿ4 ಅಡ್ರೆಸ್ ಮತ್ತು ಡೀಫಾಲ್ಟ್ ಗೇಟ್‌ವೇ ಎಂಬ ಎರಡು ಸಾಲುಗಳಷ್ಟೇ ನಮಗೆ ಬೇಕು.

ವಿಳಾಸ 169.254ರಿಂದ ಶುರುವಾದರೆ ಕಂಪ್ಯೂಟರ್ ಫೋನನ್ನು ವಿಳಾಸ ಕೇಳಿ, ಉತ್ತರ ಬರದೆ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅರ್ಥ. ಎರಡನೆಯ ಕೊಂಡಿ ಇನ್ನೂ ಕೂಡಿಲ್ಲ. ಹಾಟ್‌ಸ್ಪಾಟನ್ನು ಅಥವಾ ಟೆಥರಿಂಗನ್ನು ಆಫ್ ಮಾಡಿ ಆನ್ ಮಾಡಿ, ಐಪಿಕಾನ್‌ಫಿಗ್ ಎಂದು ಬರೆದು ಜಾಗ ಬಿಟ್ಟು ಓರೆಗೆರೆ ಹಾಕಿ ರಿನ್ಯೂ ಎಂದು ಕೊಡಿ. ವಿಳಾಸ 192.168 ಎಂದು ಶುರುವಾಗಿ ಗೇಟ್‌ವೇ ಕೂಡ ಅದೇ ಸಾಲಿನದಾದರೆ ಫೋನು ವಿಳಾಸ ಕೊಟ್ಟಿದೆ. ಹಳೆಯ ಆಂಡ್ರಾಯ್ಡುಗಳಲ್ಲಿ ಹಾಟ್‌ಸ್ಪಾಟಿಗೆ 192.168.43, ಯುಎಸ್‌ಬಿಗೆ 192.168.42 ಎಂದು ಖಾಯಂ ಇರುತ್ತಿತ್ತು. ಹೊಸವುಗಳಲ್ಲಿ ಮೂರನೆಯ ಅಂಕಿ ಬದಲಾಗುತ್ತಿರುತ್ತದೆ. ಐಫೋನಾದರೆ 172.20.10 ಎಂದು ಶುರು.

ಫೋನಿಗೆ ಸೇರಿದ್ದೇನೆ ಎಂದುಕೊಂಡಿರುವಾಗ ವಿಳಾಸ ಮನೆಯ ರೂಟರಿನದ್ದಾಗಿದ್ದರೆ ನಗಬೇಡಿ, ಇದು ನಗರಗಳಲ್ಲಿ ದಿನನಿತ್ಯದ ಕಥೆ. ರಸ್ತೆ ಅಗೆದು ಫೈಬರ್ ತುಂಡಾಗಿರುತ್ತದೆ. ಆದರೆ ರೂಟರಿಗೆ ಕರೆಂಟ್ ಇರುವುದರಿಂದ ಅದರ ವೈಫೈ ಜೀವಂತ. ಲ್ಯಾಪ್‌ಟಾಪಿಗೆ ಫೋನಿನ ಯುಎಸ್‌ಬಿ ಕೇಬಲ್ಲೂ ಇದೆ, ಸತ್ತ ರೂಟರಿನ ಸಂಪರ್ಕವೂ ಇದೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ವಿಂಡೋಸ್ ತನ್ನದೇ ಲೆಕ್ಕದಲ್ಲಿ ತೀರ್ಮಾನಿಸುತ್ತದೆ, ಆ ಲೆಕ್ಕ ತಪ್ಪುವುದೂ ಉಂಟು. ಅತ್ತ ಫೋನು ಕೂಡ ಅದೇ ಸತ್ತ ವೈಫೈಗೆ ಸೇರಿ ಇಲ್ಲದ ಇಂಟರ್ನೆಟ್ಟನ್ನು ಹಂಚುತ್ತಾ ಕೂತಿರಬಹುದು. ಲ್ಯಾನ್ ಕೇಬಲ್ ಕೀಳಿ, ಎರಡೂ ಕಡೆ ಮನೆಯ ವೈಫೈ ಬಿಡಿಸಿ, ಅಥವಾ ರೂಟರನ್ನೇ ಆಫ್ ಮಾಡಿ.

ಮೂರನೆಯ ಕೊಂಡಿ: ಕಂಪ್ಯೂಟರಿನ ಒಳಗೆ

ನಲ್ಲಿಯಿಂದ ಶುರುಮಾಡಿ ಮೇಲಿನ ಟ್ಯಾಂಕಿನ ತನಕ ಒಂದೊಂದೇ ವಾಲ್ವ್ ನೋಡುತ್ತಾ ಹೋಗುವ ಪ್ಲಂಬರಿನಂತೆ, ಇಲ್ಲಿ ಮೂರು ಪಿಂಗ್ ಕೊಡಬೇಕು. ಕಪ್ಪು ಕಿಟಕಿಯಲ್ಲಿ ಪಿಂಗ್ ಎಂದು ಬರೆದು ಜಾಗ ಬಿಟ್ಟು ಒಂದು ವಿಳಾಸ ಕೊಟ್ಟರೆ, ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ. ಮೊದಲನೆಯದು ಐಪಿಕಾನ್‌ಫಿಗ್ ತೋರಿಸಿದ ಗೇಟ್‌ವೇ ಅಂಕಿಗೆ. ರಿಪ್ಲೈ ಬಂದರೆ ಫೋನಿನ ತನಕ ದಾರಿ ಸರಿ. ಎರಡನೆಯದು 8.8.8.8ಕ್ಕೆ. ಬಂದರೆ ಫೋನನ್ನು ದಾಟಿ ಹೊರಜಗತ್ತು ಸಿಗುತ್ತಿದೆ. ಮೂರನೆಯದು ಹೆಸರಿಗೆ, ಗೂಗಲ್ ಡಾಟ್ ಕಾಮ್ ಎಂದು.

ಎರಡನೆಯದು ಸರಿ, ಮೂರನೆಯದು ವಿಫಲ ಎಂದರೆ ಡಿಎನ್‌ಎಸ್ ಕೆಟ್ಟಿದೆ. ಹೆಸರನ್ನು ಅಂಕಿಯಾಗಿ ಬದಲಿಸಿಕೊಡುವ ಜಾಗ ಅದು. ಅಡಾಪ್ಟರಿನ ಗುಣಲಕ್ಷಣಗಳಲ್ಲಿ ಐಪಿವಿ4 ತೆರೆದು ನೋಡಿ. ಆಫೀಸಿನವರೋ ಕಾಲೇಜಿನವರೋ ತಮ್ಮ ಡಿಎನ್‌ಎಸ್ ಅಂಕಿಯನ್ನು ಖಾಯಂ ಬರೆದು ಬಿಟ್ಟಿರುತ್ತಾರೆ, ಆ ಅಂಕಿ ಅವರ ಕಟ್ಟಡದಾಚೆ ಉತ್ತರಿಸದು. ತಾನಾಗಿ ಪಡೆದುಕೊ ಎಂಬುದಕ್ಕೆ ಮರಳಿಸಿ. ಆಗಲೂ ಬರದಿದ್ದರೆ 1.1.1.1 ಮತ್ತು 8.8.8.8 ಬರೆಯಿರಿ, ಐಪಿಕಾನ್‌ಫಿಗ್ ಜೊತೆ ಫ್ಲಶ್‌ಡಿಎನ್‌ಎಸ್ ಕೊಟ್ಟು ಹಳೆಯ ನೆನಪು ಅಳಿಸಿ.

ಮೂರೂ ಪಿಂಗ್ ಸರಿ, ಬ್ರೌಸರ್ ಮಾತ್ರ ತೆರೆಯದು. ಪ್ರಾಕ್ಸಿ, ಅಂದರೆ ಬ್ರೌಸರಿನ ಬೇಡಿಕೆಗಳನ್ನು ನಡುವೆ ನಿಂತು ದಾಟಿಸುವ ಬೇರೊಂದು ಕಂಪ್ಯೂಟರ್, ಹೊಂದಿಸಿದೆಯೇ ನೋಡಿ. ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಪ್ರಾಕ್ಸಿ ಎಂಬ ಪುಟವೇ ಇದೆ. ಕೈಯಾರೆ ಹಾಕಿದ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ. ಹಾಸ್ಟೆಲಿನಿಂದ ಮನೆಗೆ ಬಂದ ಲ್ಯಾಪ್‌ಟಾಪುಗಳಲ್ಲಿ ಇದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಕಂಪನಿಯ ವಿಪಿಎನ್ (ಆಫೀಸಿನ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಅರೆಬರೆ ಕಡಿದುಹೋಗಿದ್ದರೂ ಹೀಗೇ ಆಗುತ್ತದೆ. ಅದನ್ನು ಪೂರ್ತಿ ಮುಚ್ಚಿ ಪರೀಕ್ಷಿಸಿ.

ಪುಟ ತೆರೆಯುವ ಬದಲು "ನಿಮ್ಮ ಸಂಪರ್ಕ ಖಾಸಗಿಯಲ್ಲ" ಎಂಬ ಎಚ್ಚರಿಕೆ ಪ್ರತಿ ಜಾಲತಾಣದಲ್ಲೂ ಬಂದರೆ ಕಂಪ್ಯೂಟರಿನ ಬಲ ಮೂಲೆಯ ದಿನಾಂಕ ಓದಿ. ಹತ್ತಾರು ವರ್ಷ ಹಿಂದಿನ ಜನವರಿ ಇರುತ್ತದೆ! ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಸತ್ತಿರುತ್ತದೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ದಿನಾಂಕ ಸರಿ ಮಾಡಿದ ಕೂಡಲೇ ಪುಟ ತೆರೆಯುತ್ತದೆ. ಬ್ಯಾಟರಿ ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ.

ವಿರುದ್ಧ ದಿಕ್ಕಿನ ಸುಳ್ಳೂ ಉಂಟು: ಕೆಳಗೆ ಗೋಳದ ಚಿಹ್ನೆ ತೋರಿಸಿ ಇಂಟರ್ನೆಟ್ ಇಲ್ಲ ಎನ್ನುತ್ತದೆ, ಆದರೆ ಪುಟಗಳು ತೆರೆಯುತ್ತಿವೆ. ವಿಂಡೋಸ್ ತನ್ನ ತಯಾರಕರ ಒಂದು ಪುಟ್ಟ ಪರೀಕ್ಷಾ ಕಡತವನ್ನು ತರಿಸಿ ನೋಡಿ ಆ ಚಿಹ್ನೆ ಹಾಕುತ್ತದೆ. ಆ ಒಂದು ಕಡತ ಬರಲಿಲ್ಲವೆಂದರೆ ಗೋಳ. ಕೆಲಸ ನಡೆಯುತ್ತಿದ್ದರೆ ಅದರ ಗೊಡವೆ ಬಿಡಿ.

ಕೆಲವು ತಾಣ ತೆರೆಯುತ್ತವೆ, ಕೆಲವು ಇಲ್ಲ

ಇದು ಬಹಳ ಜನರನ್ನು ದಾರಿ ತಪ್ಪಿಸುವ ದೋಷ. ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಚೆನ್ನಾಗಿ ಬರುತ್ತವೆ. ಯಾವುದೋ ಸರ್ಕಾರಿ ಅಥವಾ ಬ್ಯಾಂಕಿನ ತಾಣ ಬರುವುದಿಲ್ಲ. "ಸರ್ವರ್ ಡೌನ್" ಎಂದು ಎಲ್ಲರೂ ಕೈಬಿಡುತ್ತಾರೆ. ಅದೂ ನಿಜವಿರಬಹುದು, ಆದರೆ ಅದೇ ತಾಣ ಅದೇ ಹೊತ್ತಿನಲ್ಲಿ ಬೇರೆಯವರ ಫೋನಿನಲ್ಲಿ ತೆರೆದರೆ ಕಾರಣ ಬೇರೆ.

ಇಂಟರ್ನೆಟ್ಟಿನಲ್ಲಿ ವಿಳಾಸಗಳ ಎರಡು ಪೀಳಿಗೆ ಇವೆ, ಹಳೆಯ ಐಪಿವಿ4 ಮತ್ತು ಹೊಸ ಐಪಿವಿ6. ದೊಡ್ಡ ತಾಣಗಳು ಎರಡರಲ್ಲೂ ಇವೆ. ಎಷ್ಟೋ ತಾಣಗಳು ಹಳೆಯದರಲ್ಲಿ ಮಾತ್ರ. 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೋ ಮೊದಲಿನಿಂದಲೂ ಐಪಿವಿ6 ಮೇಲೆ ನಿಂತ ಜಾಲ. ಇಂಥ ಜಾಲಗಳಲ್ಲಿ ಹಳೆಯ ವಿಳಾಸದ ತಾಣಗಳಿಗೆ ಹೋಗುವ ಡೇಟಾ ಪೊಟ್ಟಣಗಳನ್ನು (ಪ್ಯಾಕೆಟ್) ಫೋನು ಹೊಸ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಆ ತಿರುಗಿಸುವ ಕೆಲಸ ಫೋನಿನಲ್ಲಿ ಕೆಟ್ಟರೆ ಟೆಥರಿಂಗಿನಲ್ಲಿ ಹೊಸ ಪೀಳಿಗೆಯ ತಾಣಗಳಷ್ಟೇ ತೆರೆಯುತ್ತವೆ. ಗುರುತು ಹೀಗಿದೆ: ಗೂಗಲ್ ತೆರೆಯುತ್ತದೆ, 8.8.8.8ಕ್ಕೆ ಕೊಟ್ಟ ಪಿಂಗ್ ಮಾತ್ರ ಸಾಯುತ್ತದೆ. ಎಪಿಎನ್ ಪರದೆಯಲ್ಲಿ ಎಪಿಎನ್ ಪ್ರೋಟೋಕಾಲ್ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆ ಮಾಡಿ, ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ.

ಇದರ ಸೋದರ ಸಂಬಂಧಿ ಇನ್ನೊಂದಿದೆ. ಪುಟ ಶುರುವಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಲಾಗಿನ್ ಆಗುತ್ತದೆ, ಫೈಲ್ ಅಪ್‌ಲೋಡ್ ಆಗದು. ಆಫೀಸಿನ ವಿಪಿಎನ್ ಸೇರುತ್ತದೆ, ಒಳಗಿನ ಯಾವ ಪುಟವೂ ಬರದು. ಪೊಟ್ಟಣದ ಗಾತ್ರದ ತೊಂದರೆ ಇದು. ಕಂಪ್ಯೂಟರ್ 1500 ಬೈಟಿನ ಪೊಟ್ಟಣ ಕಳಿಸುತ್ತದೆ. ಐಪಿವಿ6ರ ತಲೆಬರಹ ಹಳೆಯದಕ್ಕಿಂತ 20 ಬೈಟ್ ದೊಡ್ಡದು, ವಿಪಿಎನ್ ಇದ್ದರೆ ಅದರ ಹೊದಿಕೆ ಬೇರೆ. ದಾರಿಯಲ್ಲಿ ತೂರದ ಪೊಟ್ಟಣ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಚಿಕ್ಕವು ಮಾತ್ರ ದಾಟುವುದರಿಂದ ಅರ್ಧ ಕೆಲಸ ಆಗುತ್ತದೆ. ಪಿಂಗ್ -ಎಫ್ -ಎಲ್ 1472 1.1.1.1 ಎಂದು ಕೊಡಿ. ಉತ್ತರ ಬಾರದಿದ್ದರೆ 1472ನ್ನು 1440, 1400, 1360 ಎಂದು ಇಳಿಸುತ್ತಾ ಹೋಗಿ. ಉತ್ತರ ಬಂದ ಅಂಕಿಗೆ 28 ಕೂಡಿಸಿದರೆ ನಿಮ್ಮ ದಾರಿ ಹೊರಬಲ್ಲ ಗಾತ್ರ ಸಿಗುತ್ತದೆ. ಅದನ್ನೇ ಆ ಅಡಾಪ್ಟರಿನ ಎಂಟಿಯು ಎಂದು ನಮೂದಿಸಬೇಕು. ಕಂಪನಿಯ ಲ್ಯಾಪ್‌ಟಾಪಾದರೆ ಐಟಿ ವಿಭಾಗದವರಿಗೆ ಈ ಅಂಕಿ ಹೇಳಿ. "ನೆಟ್ ಸ್ಲೋ" ಎನ್ನುವುದಕ್ಕಿಂತ ಬೇಗ ಕೆಲಸ ಆಗುತ್ತದೆ.

ಬಂದು ಬಂದು ಹೋಗುವುದು, ಬೇಗ ಖಾಲಿಯಾಗುವುದು

ಕರೆ ಬಂದಾಗಲೆಲ್ಲ ಕಂಪ್ಯೂಟರಿನ ಇಂಟರ್ನೆಟ್ ನಿಂತರೆ ಕರೆ ಯಾವ ಸಿಮ್ಮಿಗೆ ಬಂತು ನೋಡಿ. ಸಾಮಾನ್ಯ ಎರಡು ಸಿಮ್ಮಿನ ಫೋನಿನಲ್ಲಿ ರೇಡಿಯೋ ಒಂದೇ. ಎರಡನೆಯ ಸಿಮ್ಮಿನಲ್ಲಿ ಮಾತಾಡುವಷ್ಟು ಹೊತ್ತು ಮೊದಲನೆಯದರ ಡೇಟಾ ನಿಂತಿರುತ್ತದೆ. ಕರೆ ವೇಳೆ ಡೇಟಾ ಬದಲಿಸುವ ಆಯ್ಕೆ ಇದ್ದರೆ ಆನ್ ಮಾಡಿ, ಇಲ್ಲವಾದರೆ ಆ ಹೊತ್ತಿಗೆ ಇನ್ನೊಂದು ಸಿಮ್ ಆಫ್ ಮಾಡಿ. ಡೇಟಾ ಸಿಮ್ಮಿಗೇ ಕರೆ ಬಂದಾಗ ನಿಂತರೆ ವಿಒಎಲ್‌ಟಿಇ, ಅಂದರೆ 4ಜಿಯಲ್ಲೇ ಕರೆ ನಡೆಸುವ ಸೌಲಭ್ಯ, ಆಫ್ ಆಗಿದೆ.

ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕುಗ್ಗಿದರೆ ಫೋನು ಮುಟ್ಟಿ ನೋಡಿ. ಚಾರ್ಜು, 5ಜಿ, ಹಾಟ್‌ಸ್ಪಾಟ್ ಮೂರೂ ಒಟ್ಟಿಗೆ ಅದನ್ನು ಬೇಯಿಸುತ್ತವೆ. ಸಿಗ್ನಲ್ಲಿಗೆಂದು ಕಿಟಕಿಯಲ್ಲಿಟ್ಟರೆ ಏಪ್ರಿಲ್ ಬಿಸಿಲೂ ಸೇರುತ್ತದೆ. ಕವರ್ ತೆಗೆದು ನೆರಳಿಗೆ ಸರಿಸಿ. 5ಜಿ ಬಂದು ಹೋಗುವ ಜಾಗವಾದರೆ ಫೋನನ್ನು 4ಜಿಗೆ ಕಟ್ಟಿಹಾಕಿ. ವೇಗ ಕಡಿಮೆಯಾದರೂ ಮೀಟಿಂಗ್ ಕಡಿಯುವುದಿಲ್ಲ. ಯುಎಸ್‌ಬಿಯಲ್ಲಿ ಕಡಿಯುತ್ತಿದ್ದರೆ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಬೆಳಿಗ್ಗೆ ಸೇರಿಸಿದ್ದು ಹತ್ತು ಗಂಟೆಗೆ 2 ಜಿಬಿ ಖಾಲಿ ಎಂಬ ದೂರಿಗೆ ಕಾರಣ ಬಹುತೇಕ ವಿಂಡೋಸ್ ಅಪ್‌ಡೇಟ್. ಕಂಪ್ಯೂಟರಿಗೆ ಅದು ಫೋನೆಂದು ಗೊತ್ತಿಲ್ಲ, ಕೇಬಲ್ಲಿನಲ್ಲಿ ಬಂದರಂತೂ ಲ್ಯಾನ್ ಎಂದೇ ತಿಳಿದು ಮನಸಾರೆ ಎಳೆಯುತ್ತದೆ. ಆ ಸಂಪರ್ಕದ ಗುಣಲಕ್ಷಣಗಳಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ವೈಫೈಗೆ ಒಮ್ಮೆ, ಯುಎಸ್‌ಬಿಗೆ ಬೇರೆಯಾಗಿ ಇನ್ನೊಮ್ಮೆ.

ಐಫೋನ್, ಮ್ಯಾಕ್, ಲಿನಕ್ಸ್

ಐಫೋನಿನ ಹಾಟ್‌ಸ್ಪಾಟ್ ಬೇರೆ ಕಂಪನಿಯ ಲ್ಯಾಪ್‌ಟಾಪಿಗೆ ಕಾಣದಿದ್ದರೆ ಪರ್ಸನಲ್ ಹಾಟ್‌ಸ್ಪಾಟ್ ಪರದೆಯನ್ನು ತೆರೆದೇ ಇಟ್ಟು ಸೇರಿಸಿ. 12ರಿಂದ ಈಚಿನ ಮಾದರಿಗಳಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬುದು 2.4ಕ್ಕೆ ಇಳಿಸುತ್ತದೆ. ಕೇಬಲ್ಲಿನಲ್ಲಿ ವಿಂಡೋಸಿಗೆ ಕೊಡಲು ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಆ್ಯಪ್ ಜೊತೆ ಬರುವ ಡ್ರೈವರ್ ಬೇಕು, ಚುಚ್ಚಿದಾಗ ಫೋನಿನಲ್ಲಿ ಟ್ರಸ್ಟ್ ಒತ್ತಬೇಕು. ಐಫೋನ್ ತನ್ನ ವೈಫೈಯನ್ನು ಹಂಚುವುದಿಲ್ಲ, ಮೊಬೈಲ್ ಡೇಟಾ ಮಾತ್ರ. ಮ್ಯಾಕಿಗೆ ಆರ್‌ಎನ್‌ಡಿಐಎಸ್ ಬರುವುದಿಲ್ಲ, ಹಾಗಾಗಿ ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಜೊತೆ ಅದಕ್ಕೆ ವೈಫೈಯೇ ಸರಿ. ಲಿನಕ್ಸಿನಲ್ಲಿ ಆಂಡ್ರಾಯ್ಡ್ ಕೇಬಲ್ ಚುಚ್ಚಿದರೆ ಸಾಮಾನ್ಯವಾಗಿ ಏನೂ ಮಾಡದೆ ನಡೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಉಳಿದರೆ ವಿಂಡೋಸಿನ ನೆಟ್‌ವರ್ಕ್ ರೀಸೆಟ್ ಇದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು, ವಿಪಿಎನ್ ಹೊಂದಾಣಿಕೆ ಎಲ್ಲ ಹೋಗುತ್ತವೆ, ಬರೆದಿಟ್ಟುಕೊಂಡು ಒತ್ತಿ.

ಇನ್ನು, ತೋಟದ ಮನೆಯ ಸಿಸಿಟಿವಿ ಡಿವಿಆರನ್ನು ಫೋನಿನ ಇಂಟರ್ನೆಟ್ಟಿಗೆ ಸೇರಿಸಿ, ಊರಿನಿಂದ ಅದರ ಐಪಿ ವಿಳಾಸ ಹೊಡೆದು ನೋಡಲು ಹೋಗಿ ಸೋಲುವವರಿದ್ದಾರೆ. ಮೇಲಿನ ಯಾವ ಪರೀಕ್ಷೆಯೂ ಅಲ್ಲಿ ತಪ್ಪು ತೋರಿಸದು. ಮೊಬೈಲ್ ಜಾಲದಲ್ಲಿ ಒಂದೇ ಹೊರ ವಿಳಾಸವನ್ನು ಎಷ್ಟೋ ಗ್ರಾಹಕರು ಹಂಚಿಕೊಂಡಿರುತ್ತಾರೆ. ಒಳಗಿನಿಂದ ಹೊರಕ್ಕೆ ಹೋಗಬಹುದು, ಹೊರಗಿನಿಂದ ಆ ವಿಳಾಸ ಹಿಡಿದು ನಿಮ್ಮ ಮನೆ ತಲುಪಲಾಗದು. ಪೋರ್ಟ್ ಫಾರ್ವರ್ಡಿಂಗ್ ಎಂದು ಗಂಟೆಗಟ್ಟಲೆ ಕೂರಬೇಡಿ. ಡಿವಿಆರ್ ತಯಾರಕರ ಕ್ಲೌಡ್ ಆ್ಯಪಿನಲ್ಲಿ ಅದರ ಸೀರಿಯಲ್ ನಂಬರ್ ಸೇರಿಸಿ ನೋಡಿ.